2,650 ರೂಪಾಯಿ ಕತ್ತರಿಯ ಲೆಕ್ಕ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಗಳ ಪುಟದಲ್ಲಿ ಬೆಂಗಳೂರಿನ ಓದುಗರೊಬ್ಬರು ನಮ್ಮಂಥ ಎಲೆಕ್ಟ್ರಿಷಿಯನ್‌ಗಳ ಮೇಲೆ ಸಿಟ್ಟು ಮಾಡಿಕೊಂಡು ಬರೆದಿದ್ದರು. ಮನೆಗೆ ಬಂದವನು ಅರ್ಧ ಗಂಟೆ ಕೆಲಸ ಮಾಡಿ 300 ರೂಪಾಯಿ ತೆಗೆದುಕೊಂಡು ಹೋದನಂತೆ. ಅವನ ಚೀಲದಲ್ಲಿ ಇದ್ದದ್ದು ಒಂದು ಟೆಸ್ಟರ್, ಒಂದು ಕಟಿಂಗ್ ಪ್ಲೇಯರ್, ಒಂದು ಕತ್ತರಿ ಅಷ್ಟೇ, ಇದಕ್ಕೆಲ್ಲ ಬಂಡವಾಳ ಎಷ್ಟಾದೀತು ಎಂದು ಕೇಳಿದ್ದರು. ನಾನು ಜಗಳಕ್ಕೆ ಅಂತ ಬರೆಯುತ್ತಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಟೆಸ್ಟರ್, ಪ್ಲೇಯರ್ ಕಥೆ ಬಿಡಿ. ಆ ಕತ್ತರಿ ಒಂದರ ಲೆಕ್ಕ ಸರಿಯಾಗಿ ಹಾಕಲು ನನಗೆ ಎರಡು ವರ್ಷ ಬೇಕಾಯಿತು. ಅದನ್ನೇ ಹೇಳುತ್ತೇನೆ.

ನಾನು ತುಮಕೂರಿನವನು. 1998ರಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಸಿದೆ. ಆಮೇಲೆ ವೈರ್‌ಮನ್ ಪರ್ಮಿಟ್ ಮಾಡಿಸಿಕೊಂಡೆ. ಐಟಿಐನಲ್ಲಿ ವೈರ್ ಸುಲಿಯುವುದು ಹೇಗೆ ಅಂತ ಪುಸ್ತಕದಲ್ಲಿ ಚಿತ್ರ ಸಮೇತ ಇತ್ತು. ಹೊರಗೆ ಬಂದು ಕೆಲಸಕ್ಕೆ ಸೇರಿದ ಮೇಸ್ತ್ರಿ ಬೇರೆಯೇ ಕಲಿಸಿದರು. ವೈರಿನ ತುದಿಯನ್ನು ಮುಂದಿನ ಹಲ್ಲಲ್ಲಿ ಕಚ್ಚಿ, ಕೈಯಲ್ಲಿ ಎಳೆದರೆ, ಪಟ್ ಅಂತ ಪ್ಲಾಸ್ಟಿಕ್ ಕಿತ್ತು ಬರುತ್ತಿತ್ತು. ಪಕ್ಕಕ್ಕೆ ಉಗಿದು ಮುಂದಿನ ವೈರು. ಅವರ ವೇಗಕ್ಕೆ ಯಾವ ಸ್ಟ್ರಿಪ್ಪರ್ ಕೂಡ ಸಾಟಿ ಇರಲಿಲ್ಲ. ನಾನೂ ಹತ್ತು ವರ್ಷ ಹಾಗೇ ಮಾಡಿದೆ. ನನ್ನ ಮುಂದಿನ ಹಲ್ಲಿನಲ್ಲಿ ಈಗಲೂ ಒಂದು ಸಣ್ಣ ಕಚ್ಚು ಇದೆ. ಹಲ್ಲಿನ ಡಾಕ್ಟರು ಬಾಯಿ ತೆಗೆಸಿ ನೋಡಿದ ತಕ್ಷಣ, 'ನೀವು ಟೈಲರಾ, ಎಲೆಕ್ಟ್ರಿಷಿಯನ್ನಾ?' ಅಂದರು. ನಮ್ಮ ಮನೆಯಲ್ಲಿ ಇಬ್ಬರೂ ಇದ್ದೀವಿ ಅಂದೆ. ನನ್ನ ಹೆಂಡತಿ ಹೊಲಿಗೆ ಕೆಲಸ ಮಾಡುತ್ತಾಳೆ. ಅವಳ ಹಲ್ಲಲ್ಲೂ ದಾರ ಕಚ್ಚಿ ಕಚ್ಚಿ ಅಂಥದ್ದೇ ಗುರುತಿದೆ.

ಡಾಕ್ಟರು ಬೈದ ಮೇಲೆ ಕತ್ತರಿ ಹಿಡಿದೆ. ಮೊದಲ ಕತ್ತರಿ ಕೊಂಡಿದ್ದು ಸಿದ್ಧಗಂಗೆ ಜಾತ್ರೆಯಲ್ಲಿ. ಶಿವರಾತ್ರಿ ಸಮಯ. ದನಗಳ ಸಂತೆ ದಾಟಿ ಈಚೆ ಬಂದರೆ ಉತ್ತರದ ಕಡೆಯ ಒಬ್ಬ ಮುದುಕ ಗೋಣಿತಾಟು ಹಾಸಿ ಮೀರತ್ ಕತ್ತರಿ ಮಾರುತ್ತಿದ್ದ. 'ದಾದಾ ಲೇ, ಪೋತಾ ಬರ್ತೇ' ಅಂತ ಕೂಗುತ್ತಿದ್ದ. ಅಜ್ಜ ಕೊಂಡರೆ ಮೊಮ್ಮಗ ಬಳಸುತ್ತಾನೆ ಅಂತ ಅರ್ಥ. ಮೀರತ್ ಕತ್ತರಿ ಅಂದರೆ ಸುಮ್ನೆ ಅಲ್ಲ. ಗುಜರಿಗೆ ಬಂದ ಲಾರಿ, ಬಸ್ಸುಗಳ ಪಟ್ಟಿ ಸ್ಪ್ರಿಂಗ್ ಕಾಸಿ ಬಡಿದು ಮಾಡುವ ಮಾಲು. 2013ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಆ ಊರಿನ ಮಾಲು ಅನ್ನುವ ಸರ್ಕಾರಿ ಗುರುತು ಕೂಡ ಸಿಕ್ಕಿದೆ, ನಮ್ಮ ಮೈಸೂರು ರೇಷ್ಮೆಗೆ ಇರುವ ಹಾಗೆ. ನಾನು 90 ರೂಪಾಯಿ ಕೊಟ್ಟೆ. ಮೊಮ್ಮಗನ ತನಕ ಎಲ್ಲಿ ಬಂತು, ಆ ವರ್ಷದ ಗೌರಿ ಹಬ್ಬದ ತನಕವೂ ಬರಲಿಲ್ಲ. ತಪ್ಪು ಕತ್ತರಿಯದ್ದಲ್ಲ. ಬಟ್ಟೆಗೆ ಅಂತ ಮಾಡಿದ್ದನ್ನು ನಾನು ತಾಮ್ರಕ್ಕೆ ಹಾಕಿದ್ದೆ.

ಆಮೇಲೆ ಅಂಗಡಿಯಲ್ಲಿ ಸಿಗುವ 'ಎಲೆಕ್ಟ್ರಿಷಿಯನ್ ಕತ್ತರಿ'ಗೆ ಬಂದೆ. ಗಿಡ್ಡ ಅಲಗು, ದಪ್ಪ ಪ್ಲಾಸ್ಟಿಕ್ ಹಿಡಿ, 150, 180 ರೂಪಾಯಿ. ವರ್ಷಕ್ಕೆ ಎರಡೋ ಮೂರೋ ಕೊಳ್ಳುತ್ತಿದ್ದೆ. ಇವು ಕೆಡುವುದು ಅಲಗು ಮೊಂಡಾಗಿ ಅಂತ ಎಲ್ಲರೂ ತಿಳಿದಿದ್ದಾರೆ. ನನ್ನ ಕೈಯಲ್ಲಿ ಕೆಡುತ್ತಿದ್ದುದು ಮಧ್ಯದ ಮೊಳೆ. ರಿವಿಟ್ ಹೊಡೆದಿರುತ್ತಾರೆ, ಬಿಗಿ ಮಾಡಲು ಆಗುವುದಿಲ್ಲ. ನಾಲ್ಕು ತಿಂಗಳಿಗೆ ಅದು ಸಡಿಲ ಆಗುತ್ತದೆ. ಎರಡು ಅಲಗಿನ ಮಧ್ಯೆ ಒಂದು ಕಾಗದದಷ್ಟು ಸಂದು ಬಿದ್ದರೂ ಸಾಕು, ವೈರು ಕತ್ತರಿಸಿಕೊಳ್ಳುವ ಬದಲು ಮಡಚಿಕೊಂಡು ಆ ಸಂದಿಗೆ ನುಗ್ಗುತ್ತದೆ. ಅಲಗು ಎಷ್ಟು ಹರಿತ ಇದ್ದರೂ ಉಪಯೋಗ ಇಲ್ಲ. ಹೆಬ್ಬೆರಳಲ್ಲಿ ಅಲಗನ್ನು ಪಕ್ಕಕ್ಕೆ ಒತ್ತಿ ಹಿಡಿದು ಕತ್ತರಿಸಬೇಕು. ಸಂಜೆ ಹೊತ್ತಿಗೆ ಹೆಬ್ಬೆರಳಿನ ಬುಡ ಊದಿರುತ್ತದೆ.

ಹೀಗೇ ನಡೆಯುತ್ತಿತ್ತು. ಕ್ಯಾತ್ಸಂದ್ರದ ಒಂದು ಮನೆಯಲ್ಲಿ ನಡೆದದ್ದು ಹೇಳಬೇಕು.

ಎರಡು ಅಂತಸ್ತಿನ ಹಳೆ ಮನೆ. ಕೆಳಗೆ ಓನರ್, ಮೇಲೆ ಬಾಡಿಗೆಯವರು, ಎರಡು ಮೀಟರ್. ಕೆಳಗಿನ ಮೆಟ್ಟಿಲ ಹತ್ತಿರ ಒಂದು ಹಳೆ ಲೈಟ್ ಪಾಯಿಂಟ್ ತೆಗೆಯಬೇಕಿತ್ತು. ಕೆಳಗಿನ ಮೇನ್ ಆಫ್ ಮಾಡಿದೆ. ಫ್ಯಾನ್ ನಿಂತಿತು, ಫ್ರಿಜ್ ನಿಂತಿತು. ಆ ಪಾಯಿಂಟಿಗೆ ಮಾತ್ರ ಟೆಸ್ಟರ್ ಇಡಲಿಲ್ಲ. ಮರದ ಏಣಿ ಹತ್ತಿ, ಜೋಡಿ ವೈರನ್ನು ಒಟ್ಟಿಗೆ ಹಿಡಿದು ಕತ್ತರಿ ಒತ್ತಿದೆ. ಡಬ್ ಅಂತ ಸದ್ದು, ಕಣ್ಣ ಮುಂದೆ ನೀಲಿ ಬೆಳಕು. ಮೇಲಿನ ಮನೆಯಿಂದ 'ಕರೆಂಟ್ ಹೋಯ್ತಾ?' ಅಂತ ಕೂಗು ಬಂತು. ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮರು ಮೆಟ್ಟಿಲ ಲೈಟನ್ನು ಮೇಲಿನ ಮೀಟರಿಗೆ ಕೊಟ್ಟಿದ್ದರು.

ಫೇಸು, ನ್ಯೂಟ್ರಲ್ಲು ಎರಡನ್ನೂ ಒಂದೇ ಸಲ ಕಚ್ಚಿದ್ದರಿಂದ ಕರೆಂಟು ಅಲಗಿನಲ್ಲೇ ಶಾರ್ಟ್ ಆಗಿ, ಮೇಲಿನ ಮನೆಯ ಎಂಸಿಬಿ, ಅಂದರೆ ಶಾರ್ಟ್ ಆದಾಗ ತಾನೇ ಆಫ್ ಆಗುವ ಸ್ವಿಚ್ಚು, ಬಿತ್ತು. ನನಗೆ ಏನೂ ಆಗಲಿಲ್ಲ. ಕೆಳಗಿಳಿದು ಕತ್ತರಿ ನೋಡಿದೆ. ಎರಡು ಅಲಗಿನಲ್ಲೂ ಅರ್ಧ ಕಡಲೆಬೇಳೆಯಷ್ಟು ಅರ್ಧಚಂದ್ರ. ಅಂಚಿನಲ್ಲಿ ಕರಗಿದ ತಾಮ್ರ ಸಣ್ಣ ಮಣಿಯ ಹಾಗೆ ಅಂಟಿತ್ತು. ಓನರ್ ತಾಯಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟು, 'ಕೂತ್ಕೋ ಮಗಾ' ಅಂದರು. ಲೋಟ ಹಿಡಿದಾಗ ಕೈ ನಡುಗುತ್ತಿದ್ದುದು ಗೊತ್ತಾಯಿತು. ತಪ್ಪು ನನ್ನದೇ. ಇಪ್ಪತ್ತಾರು ರೂಪಾಯಿ ಟೆಸ್ಟರ್ ಜೇಬಲ್ಲೇ ಇತ್ತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ದುಬಾರಿ ಸಾಮಾನು ಕೊಳ್ಳುವವರು ಬಹಳ ಜನ ಇದನ್ನು ತಪ್ಪು ತಿಳಿದಿರುತ್ತಾರೆ. ಕತ್ತರಿಯ ಹಿಡಿಗೆ ಪ್ಲಾಸ್ಟಿಕ್ ಇದೆ ಅಂದ ಮಾತ್ರಕ್ಕೆ ಅದು ಶಾಕ್ ತಡೆಯುವುದಿಲ್ಲ. 180ರದ್ದೂ ತಡೆಯುವುದಿಲ್ಲ, ಮುಂದೆ ಹೇಳುವ 2,650ರದ್ದೂ ತಡೆಯುವುದಿಲ್ಲ. ಆ ಪ್ಲಾಸ್ಟಿಕ್ ಕೈಗೆ ಮೆತ್ತಗಿರಲಿ ಅಂತ ಹಾಕಿದ್ದು. ಲೈವ್ ಕೆಲಸಕ್ಕೆ, ಅಂದರೆ ಕರೆಂಟ್ ಇರುವಾಗಲೇ ಮಾಡುವ ಕೆಲಸಕ್ಕೆ ಅಂತ ಪರೀಕ್ಷೆ ಮಾಡಿದ ಟೂಲ್ಸ್ ಬೇರೆ ಇವೆ. ಅವುಗಳ ಮೇಲೆ ಒಂದರ ಮೇಲೊಂದು ಬಂದ ಎರಡು ತ್ರಿಕೋನದ ಗುರುತು, 1000 ವಿ ಅಂತ ಬರಹ, ಐಇಸಿ 60900 ಅಂತ ನಂಬರ್ ಇರುತ್ತದೆ. ಅದಿಲ್ಲದಿದ್ದರೆ ಬೆಲೆ ಎಷ್ಟೇ ಇರಲಿ, ಅದು ಬರೀ ಕತ್ತರಿ. ಜಾಸ್ತಿ ದುಡ್ಡು ಕೊಟ್ಟು ಧೈರ್ಯ ಕೊಂಡುಕೊಂಡೆ ಅಂದುಕೊಂಡರೆ ಅದು ಅಗ್ಗದ ಕತ್ತರಿಗಿಂತ ಅಪಾಯ.

ಆ ವಾರವೇ ಬೆಂಗಳೂರಿಗೆ ಹೋಗುವ ಕೆಲಸ ಬಂತು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ನಾನು ವೈರ್ ಕೊಳ್ಳುವ ಅಂಗಡಿ ಇದೆ. ಅರ್ಧಚಂದ್ರ ಬಿದ್ದ ಕತ್ತರಿ ತೋರಿಸಿದೆ. ಅಂಗಡಿಯವರು ನಕ್ಕು, ಮೂರು ಕತ್ತರಿ ಗಾಜಿನ ಮೇಲೆ ಸಾಲಾಗಿ ಇಟ್ಟರು. ಒಂದು 180. ಒಂದು 750. ಮೂರನೆಯದು ಜರ್ಮನಿಯದ್ದು, 2,650.

'ಮೂರನೇದು ಯಾರು ತಗೋತಾರೆ?' ಅಂದೆ.

'ಪ್ಯಾನೆಲ್ ಕೆಲ್ಸದವ್ರು ತಗೋತಾರೆ ಸಾರ್. ಮನೆ ವೈರಿಂಗ್ ಅವ್ರು ನೋಡಿ ಇಟ್ಟು ಹೋಗ್ತಾರೆ.'

ಪ್ಯಾನೆಲ್ ಅಂದರೆ ಸ್ವಿಚ್ಚು, ವೈರುಗಳನ್ನು ಒಟ್ಟಿಗೆ ಕೂರಿಸಿದ ದೊಡ್ಡ ಪೆಟ್ಟಿಗೆ. ಅಂಗಡಿಯವರು ಹೇಳಿ ಸುಮ್ಮನಾಗದೆ ಒಂದು ತುಂಡು 4 ಸ್ಕ್ವೇರ್ ಎಂಎಂ ವೈರ್ ಕೊಟ್ಟು, ಮೂರರಲ್ಲೂ ಕತ್ತರಿಸಿ ನೋಡಿ ಅಂದರು. ಓದುಗರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. ಸ್ಕ್ವೇರ್ ಅನ್ನುವುದು ವೈರಿನೊಳಗಿನ ತಾಮ್ರದ ದಪ್ಪದ ಅಳತೆ. ಈಗಿನ 4 ಸ್ಕ್ವೇರ್ ವೈರಿನಲ್ಲಿ 0.3 ಮಿಲಿಮೀಟರಿನ 56 ಎಳೆಗಳಿರುತ್ತವೆ. 2.5ರಲ್ಲಿ 36, 1.5ರಲ್ಲಿ 22. ನಾನು ಕಲಿಯುವಾಗ ಹಳಬರು 'ಮೂರು ಇಪ್ಪತ್ತು', 'ಏಳು ಇಪ್ಪತ್ತು' ಅನ್ನುತ್ತಿದ್ದರು, ಮೂರು ಎಳೆ, ಏಳು ಎಳೆ, ದಪ್ಪ ದಪ್ಪ. ಅದಕ್ಕೆ ಪ್ಲೇಯರ್ ಸಾಕಿತ್ತು. ಕೂದಲಿನಂಥ 56 ಎಳೆಯನ್ನು ಪ್ಲೇಯರಲ್ಲಿ ಕತ್ತರಿಸಿದರೆ ಅದು ಕತ್ತರಿಸುವುದಕ್ಕಿಂತ ಜಾಸ್ತಿ ಜಜ್ಜುತ್ತದೆ. ತುದಿ ಚಪ್ಪಟೆಯಾಗಿ ಹಳೆ ಪೊರಕೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಎಂಸಿಬಿ ತೂತಿಗೆ ತುರುಕುವಾಗ ನಾಲ್ಕು ಎಳೆ ಹೊರಗೇ ನಿಲ್ಲುತ್ತವೆ. ಹೊರಗೆ ನಿಂತದ್ದನ್ನು ಕೆಲವರು ಕಿತ್ತು ಬಿಸಾಡುತ್ತಾರೆ. 36ರಲ್ಲಿ 5 ಎಳೆ ಹೋದರೆ ಆ ಜಾಗದಲ್ಲಿ ವೈರು ಏಳನೇ ಒಂದು ಭಾಗ ಸಣ್ಣಗಾಯಿತು ಅಂತಲೇ ಲೆಕ್ಕ. ಗೀಸರ್ ಲೈನು ಬಿಸಿಯಾಗಿ, ಸಾಕೆಟ್ ಹಳದಿಯಾಗಿ, ಕೊನೆಗೆ ಸುಟ್ಟ ವಾಸನೆ ಬರುವುದು ಎಷ್ಟೋ ಮನೆಗಳಲ್ಲಿ ಇಂಥ ತುದಿಯಿಂದಲೇ.

180ರದ್ದರಲ್ಲಿ ಒತ್ತಿದೆ. ವೈರು ಮೊದಲು ಮುಂದಕ್ಕೆ ಜಾರಿತು. ಮತ್ತೆ ಬುಡಕ್ಕೆ ತಳ್ಳಿ ಒತ್ತಿದೆ. ತುದಿ ಅಂಡಾಕಾರ ಆಗಿತ್ತು. 750ರದ್ದರಲ್ಲಿ ಜಾರಲಿಲ್ಲ, ತುದಿ ಪರವಾಗಿಲ್ಲ. 2,650ರದ್ದರಲ್ಲಿ ಒತ್ತಿದ್ದೇ ಗೊತ್ತಾಗಲಿಲ್ಲ. ಸೌತೆಕಾಯಿ ಹೆಚ್ಚಿದ ಹಾಗೆ ದುಂಡಗೆ, ಒಂದು ಎಳೆಯೂ ಆಚೀಚೆ ಇಲ್ಲ.

ಬೆಳಕಿಗೆ ಹಿಡಿದು ಅಲಗು ನೋಡಿದೆ. ಒಂದು ಅಲಗಿನ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು, ಉಗುರು ಎಳೆದರೆ ಮಾತ್ರ ಗೊತ್ತಾಗುತ್ತದೆ. ನಮ್ಮ ಕಡೆ ರಾಗಿ ಕೊಯ್ಯುವ ಕುಡುಗೋಲಿಗೆ ಕಕ್ಕು ಹಾಕಿಸುತ್ತಾರಲ್ಲ, ತಾಳು ಜಾರದೆ ಇರಲಿ ಅಂತ, ಅದೇ ಉಪಾಯ. ಮಧ್ಯದಲ್ಲಿ ರಿವಿಟ್ ಬದಲು ಸ್ಕ್ರೂ, ಸಡಿಲವಾದರೆ ಕಾಲು ತಿರುವು ಬಿಗಿ ಮಾಡಿಕೊಳ್ಳಬಹುದು. ಹಿಡಿಯ ಹತ್ತಿರ ಪಿನ್ ಲಗ್, ಅಂದರೆ ವೈರಿನ ತುದಿಗೆ ಹಾಕುವ ಸಣ್ಣ ಲೋಹದ ಕೊಳವೆ, ಅದನ್ನು ಒತ್ತಲು ಒಂದು ಕಚ್ಚು.

ಕೊಳ್ಳಲಿಲ್ಲ. 2,650 ಅಂದರೆ ಆಗ ನನಗೆ ಎರಡೂವರೆ ದಿನದ ದುಡಿಮೆ. 180ರದ್ದನ್ನೇ ತೆಗೆದುಕೊಂಡು ಮೆಜೆಸ್ಟಿಕ್ಕಿನಲ್ಲಿ ತುಮಕೂರು ಬಸ್ ಹತ್ತಿದೆ. ನೆಲಮಂಗಲ ದಾಟುವ ತನಕ ಆ ದುಂಡನೆಯ ತುದಿ ಕಣ್ಣ ಮುಂದೆ ಇತ್ತು.

ಮನೆಯಲ್ಲಿ ಹೇಳಿದಾಗ ಹೆಂಡತಿ ನಗಲಿಲ್ಲ. ಅವಳ ಹೊಲಿಗೆ ಕತ್ತರಿ ಒಂದಿದೆ, ಹಳೆಯದು, ಕಪ್ಪು ಹಿಡಿ. ಅದನ್ನು ಮನೆಯಲ್ಲಿ ಯಾರೂ ಮುಟ್ಟುವ ಹಾಗಿಲ್ಲ. ಒಂದು ಸಲ ಮಗಳು ಅದರಲ್ಲಿ ಚಾರ್ಟ್ ಪೇಪರ್ ಕತ್ತರಿಸಿ ಎರಡು ದಿನ ಅಮ್ಮನ ಮಾತು ಕಳೆದುಕೊಂಡಿದ್ದಳು.

'ರೀ, ದಿನಕ್ಕೆ ಎಷ್ಟು ಸಲ ಕತ್ತರಿ ಕೈಗೆ ತಗೋತೀರ?' ಅಂದಳು.

'ಯಾರು ಎಣಿಸ್ತಾರೆ?'

'ಎಣಿಸಿ. ನನ್ನ ಹತ್ರ ಬ್ಲೌಸ್ ಹೊಲಿಸೋರು ಕೂಲಿ ಜಾಸ್ತಿ ಅಂದಾಗ ನಾನು ಎಣಿಸಿಯೇ ಹೇಳೋದು.'

ಎಣಿಸಿದೆ. ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಐದೈದರ ಗೆರೆ. ಹೇಗೂ ಪುಟ್ಟಿ ಬಳಿಯುವ ಗೋಡೆ, ಯಾರೂ ಬೈಯಲಿಲ್ಲ. ಪೈಪಿನಲ್ಲಿ ವೈರ್ ಎಳೆಯುವ ದಿನ ಕತ್ತರಿ ಕೈಗೆ ಬಂದದ್ದು 40 ಸಲ ಕೂಡ ಇಲ್ಲ. ಬೋರ್ಡ್ ಫಿಟಿಂಗ್ ದಿನ 212. ಇನ್ನೊಂದು ದಿನ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಪ್ಯಾನೆಲ್ ವೈರಿಂಗ್ ಇತ್ತು. ಅಲ್ಲಿ ಮಧ್ಯಾಹ್ನಕ್ಕೇ 300 ದಾಟಿತು, ಎಣಿಸುವುದು ಬಿಟ್ಟೆ.

ಈಗ ಲೆಕ್ಕಕ್ಕೆ ಬನ್ನಿ. ಎಲ್ಲರೂ ಹೇಳುವುದು ಒಂದೇ ಮಾತು: 'ದುಬಾರಿ ಆದರೂ ಬಾಳಿಕೆ ಬರುತ್ತೆ, ಕೊನೆಗೆ ಅದೇ ಅಗ್ಗ.' ಕತ್ತರಿ ವಿಷಯದಲ್ಲಿ ಇದು ಸುಳ್ಳು. ನಾನು ಕಾಗದ ಪೆನ್ನು ಹಿಡಿದು ನೋಡಿದ್ದೇನೆ. 180ರದ್ದು ನನಗೆ ಹೆಚ್ಚುಕಡಿಮೆ 100 ಕೆಲಸದ ದಿನ ಬರುತ್ತದೆ. ದಿನಕ್ಕೆ 1 ರೂಪಾಯಿ 80 ಪೈಸೆ. 2,650ರದ್ದು ಎರಡು ವರ್ಷ, 500 ದಿನ ಬಂದರೂ ದಿನಕ್ಕೆ 5 ರೂಪಾಯಿ 30 ಪೈಸೆ. ಅಗ್ಗದ್ದರ ಸಮಕ್ಕೆ ಬರಬೇಕಾದರೆ ಅದು ಆರು ವರ್ಷ ಬಾಳಬೇಕು. ಆರು ವರ್ಷ ಒಂದು ಕತ್ತರಿ ಸೈಟಿನಲ್ಲಿ ಕಳೆದುಹೋಗದೆ ಉಳಿಯುತ್ತದೆ ಅನ್ನುವವರು ಸೈಟ್ ನೋಡಿಲ್ಲ. ಬಾಳಿಕೆಗೆ ಅಂತ ಕೊಂಡರೆ ನಷ್ಟವೇ.

ಹಾಗಾದರೆ ದಿನಕ್ಕೆ ಮೂರೂವರೆ ರೂಪಾಯಿ ಜಾಸ್ತಿ ಕೊಟ್ಟು ಏನು ಕೊಳ್ಳುತ್ತೇವೆ? ಎರಡು. ಒಂದು, ತುದಿ ಸರಿ ಇರುವುದರಿಂದ ಮತ್ತೆ ಕತ್ತರಿಸಿ ಮತ್ತೆ ಸುಲಿಯುವ ಕೆಲಸ ತಪ್ಪುತ್ತದೆ. ಪ್ಯಾನೆಲ್ ಒಳಗೆ ಪ್ರತಿ ವೈರಿನ ತುದಿಗೂ ಪಿನ್ ಲಗ್ ಹಾಕಬೇಕು. ಚಪ್ಪಟೆ ತುದಿ ಲಗ್ಗಿನ ಕೊಳವೆಗೆ ಹೋಗುವುದೇ ಇಲ್ಲ. ಬೆರಳಲ್ಲಿ ಹೊಸೆದು, ತಿರುಚಿ, ಉಗುಳು ಹಚ್ಚಿ ತುರುಕಬೇಕು, ಸೂಜಿಗೆ ದಾರ ಪೋಣಿಸುವ ಮುದುಕರ ಹಾಗೆ. ದುಂಡು ತುದಿ ಸಲೀಸಾಗಿ ಕೂರುತ್ತದೆ. ಇನ್ನೊಂದು, ಹೆಬ್ಬೆರಳು. ನನಗೆ ಈಗ 46. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಬ್ರಶ್ ಹಿಡಿದಾಗ ಹೆಬ್ಬೆರಳಿನ ಬುಡದಲ್ಲಿ ಚುಳುಕ್ ಅನ್ನುತ್ತಿತ್ತು. ಇಪ್ಪತ್ತೈದರ ಹುಡುಗನಿಗೆ ಇದರ ಬೆಲೆ ಸೊನ್ನೆ. ನನಗೆ ಒಂದು ಟೀ ದುಡ್ಡಿಗಿಂತ ಕಡಿಮೆಯಲ್ಲಿ ಸಿಗುವುದಾದರೆ ಬೇಡ ಅನ್ನಲೇ?

ಕೊನೆಗೆ ಕೊಂಡೆ. ಅಂಗಡಿಯವರು 50 ರೂಪಾಯಿ ಬಿಟ್ಟುಕೊಟ್ಟರು, ಬಸ್ ಚಾರ್ಜಿಗೆ ಅಂತ.

ಮೊದಲ ವಾರ ಅದನ್ನು ಚೀಲದಲ್ಲಿ ಹಾಕಲೇ ಇಲ್ಲ. ಬೆಲ್ಟಿಗೆ ಸಿಕ್ಕಿಸಿಕೊಂಡು ಓಡಾಡಿದೆ, ಹೊಸ ವಾಚ್ ಕಟ್ಟಿದವನ ಹಾಗೆ. ಕೆಲಸ ನಿಜಕ್ಕೂ ಹಗುರ. ಬೋರ್ಡಿನ ಹಿಂದೆ ಇಕ್ಕಟ್ಟಿನಲ್ಲಿ ಕೈ ಹಾಕಿ ತುದಿಯಲ್ಲೇ ಕತ್ತರಿಸಬಹುದು. ಇಂಟರ್ನೆಟ್ ಫೈಬರ್ ಕೇಬಲ್ ಸುಲಿದರೆ ಒಳಗೆ ಹಳದಿ ನೂಲು ಬರುತ್ತದಲ್ಲ, ಕೆವ್ಲಾರ್ ಅನ್ನುತ್ತಾರೆ, ಗುಂಡು ತಡೆಯುವ ಜಾಕೆಟ್ಟಿಗೆ ಹಾಕುವುದೂ ಅದನ್ನೇ. ಮಾಮೂಲಿ ಕತ್ತರಿ ಅದನ್ನು ಅಗಿದು ಅಗಿದು ಬಿಡುತ್ತದೆ, ಕಡಿಯುವುದಿಲ್ಲ. ಈ ಸಣ್ಣ ಹಲ್ಲಿನ ಅಲಗು ಅದನ್ನು ಹಿಡಿದು ಕತ್ತರಿಸುತ್ತದೆ. ಕೇಬಲ್ ಕೆಲಸದ ಹುಡುಗರು ಇಂಥದ್ದಕ್ಕೆ ದುಡ್ಡು ಹಾಕುವುದು ಶೋಕಿಗಲ್ಲ ಅಂತ ಆಗ ತಿಳಿಯಿತು.

ಪಿನ್ ಲಗ್ ಒತ್ತುವ ಕಚ್ಚು ಮಾತ್ರ ನನಗೆ ಅಷ್ಟಕ್ಕಷ್ಟೇ. ಒಂದೆರಡಕ್ಕೆ ಸರಿ. ದಿನಕ್ಕೆ ನೂರು ಒತ್ತುವವರು ಅದಕ್ಕೆಂದೇ ಇರುವ ಕ್ರಿಂಪಿಂಗ್ ಟೂಲನ್ನೇ ಇಟ್ಟುಕೊಳ್ಳಬೇಕು. ಆ ಕಚ್ಚಿಗಾಗಿ ಜಾಸ್ತಿ ದುಡ್ಡು ಕೊಡಬೇಡಿ.

ಹನ್ನೊಂದನೇ ತಿಂಗಳಿಗೆ ಏಟು ಬಿತ್ತು. ನನ್ನ ಜೊತೆ ಒಬ್ಬ ಹುಡುಗ ಕೆಲಸ ಕಲಿಯುತ್ತಿದ್ದಾನೆ, ಚುರುಕು. ನಾನು ಊಟಕ್ಕೆ ಕೂತಿದ್ದೆ. ಅವನು ಪೈಪ್ ಕಟ್ಟಲು ಬೈಂಡಿಂಗ್ ವೈರ್ ಕತ್ತರಿಸಬೇಕಿತ್ತು. ಪ್ಲೇಯರ್ ಏಣಿ ಮೇಲಿತ್ತು, ಕತ್ತರಿ ಕೈಗೆ ಸಿಕ್ಕಿತು. ಬೈಂಡಿಂಗ್ ವೈರ್ ಕಬ್ಬಿಣದ್ದು. ತಾಮ್ರಕ್ಕೂ ಅಲ್ಯೂಮಿನಿಯಮ್ಮಿಗೂ ಅಂತ ಮಾಡಿದ ಅಲಗು ಅದು. ಟಕ್ ಅಂತ ಸದ್ದು ಕೇಳಿದಾಗಲೇ ನನ್ನ ಕೈಯಲ್ಲಿದ್ದ ತುತ್ತು ನಿಂತಿತು. ಅಲಗಿನ ಮಧ್ಯೆ ಎರಡು ಹಲ್ಲು ಹಾರಿದ್ದವು.

'ಅಣ್ಣಾ, ಇದೂ ಕತ್ತರಿನೇ ಅಲ್ವಾ?' ಅಂದ. ಏನು ಬೈಯಲಿ? ಅವನಿಗೆ ಹೇಳಿಕೊಡದೆ ಇದ್ದದ್ದು ನಾನು. ನನ್ನ ಹೆಂಡತಿ ಮಗಳಿಗೆ ಹೇಳಿದ ಹಾಗೆ ಮೊದಲ ದಿನವೇ ಹೇಳಬೇಕಿತ್ತು.

ಸಾಣೆಯವನ ಹತ್ತಿರ ತೆಗೆದುಕೊಂಡು ಹೋದೆ. ಸೈಕಲ್ ತುಳಿದುಕೊಂಡು ಬಟವಾಡಿ ಬೀದಿಗಳಲ್ಲಿ ಬರುವ ಮನುಷ್ಯ, ನಮ್ಮ ಮನೆಯ ಕತ್ತರಿ ಚಾಕು ಎಲ್ಲ ಅವನ ಕೈಯದ್ದೇ. ಅಲಗನ್ನು ಉಗುರಲ್ಲಿ ಮುಟ್ಟಿ ನೋಡಿ ವಾಪಸ್ ಕೊಟ್ಟ. 'ಸಾಣೆ ಹಿಡಿದ್ರೆ ಕಕ್ಕೆಲ್ಲ ಹೋಗುತ್ತೆ ಸ್ವಾಮಿ. ಆಮೇಲೆ ಇದು ನೂರೈವತ್ತರ ಕತ್ತರಿನೇ' ಅಂದ. ದುಡ್ಡು ತೆಗೆದುಕೊಳ್ಳಲಿಲ್ಲ. ಇದು ದುಬಾರಿ ಕತ್ತರಿಯ ದೊಡ್ಡ ಕೊರತೆ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನಯವಾದ ಅಲಗಿನ ಕತ್ತರಿಯನ್ನು ಬೀದಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಹರಿತ ಮಾಡಿಸಬಹುದು. ಹಲ್ಲಿನ ಅಲಗು ಹೋದರೆ ಹೋಯಿತು.

ಹಲ್ಲು ಹಾರಿದ ಜಾಗ ಬಿಟ್ಟು ಬುಡದಲ್ಲಿ ಇನ್ನೂ ಒಂದೂವರೆ ವರ್ಷ ಓಡಿಸಿದೆ. ಒಟ್ಟು ಎರಡೂವರೆ ವರ್ಷ ಆಯಿತು ಅನ್ನಿ. ಈಗ ಮತ್ತೆ ಅದನ್ನೇ ಕೊಂಡಿದ್ದೇನೆ. ಆದರೆ ಅದು ದಿನಾ ನನ್ನ ಜೊತೆ ಬರುವುದಿಲ್ಲ. ಬೋರ್ಡ್ ಫಿಟಿಂಗ್, ಪ್ಯಾನೆಲ್, ಕ್ಯಾಮೆರಾ ಕೇಬಲ್ ಇರುವ ದಿನ ಮಾತ್ರ ಚರ್ಮದ ಚೀಲದಲ್ಲಿ ಬರುತ್ತದೆ. ಪೈಪ್ ಕೆಲಸ, ವೈರ್ ಎಳೆಯುವ ದಿನ 180ರದ್ದು ಸಾಕು, ಕಳೆದರೂ ಸಂಕಟ ಇಲ್ಲ. ಹುಡುಗನಿಗೆ ಕೊಡಿಸಿದ್ದು 750ರದ್ದು. ಸ್ಕ್ರೂ ಇರುವ, ಅಲಗು ನಯವಾಗಿರುವ, ಸಾಣೆ ಹಿಡಿಸಬಹುದಾದ ಕತ್ತರಿ. ಮನೆ ವೈರಿಂಗ್ ಮಾತ್ರ ಮಾಡುವವರು ಯಾರಾದರೂ ನನ್ನನ್ನು ಕೇಳಿದರೆ ಅದನ್ನೇ ಹೇಳುತ್ತೇನೆ. ಅಂಗಡಿಯಲ್ಲಿ ಬೆಲೆಯ ಚೀಟಿ ನೋಡುವ ಮೊದಲು ಅಲಗನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ತೆಳ್ಳನೆಯ ಪ್ಲಾಸ್ಟಿಕ್ ಕವರನ್ನು ತುದಿಯಲ್ಲಿ ಕತ್ತರಿಸಿ ನೋಡಿ. ಮಡಚಿಕೊಂಡರೆ ಇಟ್ಟು ಬನ್ನಿ, ಅದು ಯಾವ ದೇಶದ್ದೇ ಆಗಲಿ.

ಇನ್ನೊಂದು ವಿಷಯ ಮನಸ್ಸಿನಲ್ಲಿದೆ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ಶುರು ಮಾಡಿತು. 18 ಕಸುಬಿನವರಿಗೆ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ ತನಕ ನೆರವು. ಒಳ್ಳೆಯ ಯೋಜನೆ. ಬಡಗಿ, ಕಮ್ಮಾರ, ಗಾರೆ ಕೆಲಸದವರು, ಬೀಗ ರಿಪೇರಿ ಮಾಡುವವರು, ಕ್ಷೌರಿಕರು, ದರ್ಜಿಗಳು ಎಲ್ಲ ಇದ್ದಾರೆ. ಎಲೆಕ್ಟ್ರಿಷಿಯನ್ ಇಲ್ಲ. ಅಂದರೆ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಕತ್ತರಿಗೆ ಅರ್ಜಿ ಹಾಕಬಹುದು, ನಾನು ಹಾಕುವ ಹಾಗಿಲ್ಲ. ಪಾರಂಪರಿಕ ಕಸುಬುಗಳಿಗೆ ಅಂತ ಮಾಡಿದ ಯೋಜನೆ ಅದು, ಒಪ್ಪುತ್ತೇನೆ. ಆದರೆ ಹಲ್ಲಲ್ಲಿ ವೈರ್ ಸುಲಿಯುವ ಹುಡುಗರು ಇವತ್ತಿಗೂ ಪ್ರತಿ ಸೈಟಿನಲ್ಲೂ ಸಿಗುತ್ತಾರೆ. 750 ರೂಪಾಯಿ ಕೈಯಿಂದ ಹಾಕುವುದು ಅವರಿಗೆ ಒಂದು ದಿನದ ಕೂಲಿ. ಕಂಟ್ರಾಕ್ಟರು ವೈರ್ ಕೊಡುತ್ತಾರೆ, ಸ್ವಿಚ್ ಕೊಡುತ್ತಾರೆ, ಟೂಲ್ಸ್ ಮಾತ್ರ ನಿನ್ನದು ನೀನು ತಾ ಅನ್ನುತ್ತಾರೆ. ಈ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಯಾರಾದರೂ ತಿಳಿದವರು ಬರೆದರೆ ಚೆನ್ನ.

ಪತ್ರ ಬರೆದ ಓದುಗರೇ, ನಿಮ್ಮ ಮನೆಗೆ ಬಂದವನ ಚೀಲದಲ್ಲಿ ಇದ್ದದ್ದು ಯಾವ ಕತ್ತರಿಯೋ ನನಗೆ ಗೊತ್ತಿಲ್ಲ. 300 ಜಾಸ್ತಿ ಅನಿಸಿದರೆ ಚೌಕಾಸಿ ಮಾಡಿ, ನಾವೂ ಮಾರ್ಕೆಟ್ಟಿನಲ್ಲಿ ಮಾಡುತ್ತೇವೆ. ಆದರೆ ಅವನು ಹೋದ ಮೇಲೆ ಒಂದು ಸಲ ಬೋರ್ಡಿನ ಕೆಳಗೆ ನೆಲ ನೋಡಿ. ಕತ್ತರಿಸಿ ಬಿದ್ದ ವೈರಿನ ತುಂಡುಗಳು ಇರುತ್ತವೆ. ತುದಿ ದುಂಡಗಿದೆಯಾ, ಪೊರಕೆಯ ಹಾಗಿದೆಯಾ ನೋಡಿ. ನೆಲದಲ್ಲಿ ತಾಮ್ರದ ಎಳೆಗಳು ಕೂದಲಿನ ಹಾಗೆ ಬಿಡಿಬಿಡಿಯಾಗಿ ಬಿದ್ದಿದ್ದರೆ ಮಾತ್ರ ಅವನನ್ನು ವಾಪಸ್ ಕರೆದು ಕೇಳಿ.

ಅಂದಹಾಗೆ, ಅರ್ಧಚಂದ್ರ ಬಿದ್ದ ಆ ಹಳೆ ಕತ್ತರಿಯನ್ನು ಬಿಸಾಡಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ಮೊಳೆಗೆ ನೇತುಹಾಕಿದ್ದಾಳೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಆ ಕಚ್ಚಿನಲ್ಲಿ ಜಾರದೆ ಸರಿಯಾಗಿ ಕೂರುತ್ತದಂತೆ.

ಇಂತಿ,
ಒಬ್ಬ ವೈರ್‌ಮನ್
ಬಟವಾಡಿ, ತುಮಕೂರು